20ಡಬ್ಲ್ಯೂ-40 ಅಂದ್ರ ಏನು? ಆಯಿಲ್ ಡಬ್ಬಿ ಮೇಲಿನ ಅಂಕಿ ಓದೋದು ಹ್ಯಾಂಗ

ಕೋಟನೂರ (ಕಲಬುರಗಿ): "ಬಿಸಿಲು ಭಾಳ ಅದರಿ, ತೆಳ್ಳಂದು ಬ್ಯಾಡ, ದಪ್ಪ ಆಯಿಲ್ ಕೊಡ್ರಿ." ಮಾರ್ಚ್ ಬಂತಂದ್ರೆ ಜೇವರ್ಗಿ ರಸ್ತೆಯ ಕೋಟನೂರದಿಂದ ಹಿಡಿದು ಹುಮನಾಬಾದ್ ರಸ್ತೆಯ ಕಮಲಾಪುರದ ತನಕ ಸ್ಪೇರ್ ಪಾರ್ಟ್ಸ್ ಅಂಗಡಿಗಳ ಕೌಂಟರ್ ಮುಂದೆ ಕೇಳಿಬರುವ ಮಾತು ಇದು. ಅಂಗಡಿಯವರೂ ಹೌದು ಅಂತಾರೆ, ಮಿಸ್ತ್ರಿಯೂ ಹೌದು ಅಂತಾನೆ. ಕಂಪನಿಯವರು 10ಡಬ್ಲ್ಯೂ-30 ಹಾಕಿ ಎಂದು ಬರೆದು ಕೊಟ್ಟ ಬೈಕಿಗೆ 20ಡಬ್ಲ್ಯೂ-50 ಹೋಗುತ್ತದೆ. ಗಾಡಿ ಅವತ್ತೇ ನಿಂತು ಬಿಡುವುದಿಲ್ಲ. ಹಾಗಾಗಿ ತಪ್ಪು ಗೊತ್ತಾಗುವುದೂ ಇಲ್ಲ. ಮೈಲೇಜ್ ಇಳಿದದ್ದು, ಮುಂಜಾನೆ ಗೇರ್ ಗಟ್ಟಿಯಾಗಿ ಬೀಳುವುದು, ಸ್ಟಾರ್ಟ್ ಮಾಡಿದ ಕೂಡಲೇ ಮೇಲಿನ ಹೆಡ್‌ನಲ್ಲಿ ಟಕಟಕ ಸದ್ದು ಬರುವುದು, ಇವನ್ನೆಲ್ಲ ಯಾರೂ ಆಯಿಲ್ ಡಬ್ಬಿಯ ಜೊತೆ ಕೂಡಿಸಿ ನೋಡುವುದಿಲ್ಲ.

ಆಯಿಲ್ ಬದಲಿಸುವ ಖರ್ಚು ಕೆಲವು ನೂರು ರೂಪಾಯಿಯದ್ದು. ಇಂಜನ್ ಇಳಿಸಿ ಬೋರ್ ಮಾಡಿಸುವ ಖರ್ಚು ಸಾವಿರಗಳಲ್ಲಿ. ಆಟೊ ಓಡಿಸುವವರಿಗೆ, ಬೈಕಿನ ಮೇಲೆ ಹಾಲಿನ ಕ್ಯಾನ್ ಕಟ್ಟಿಕೊಂಡು ಬರುವವರಿಗೆ, ತೊಗರಿ ರಾಶಿಯ ಟೈಮಿನಲ್ಲಿ ಟ್ರ್ಯಾಕ್ಟರ್ ಬಾಡಿಗೆಗೆ ಬಿಡುವವರಿಗೆ ಇಂಜನ್ ನಿಂತರೆ ಆ ದಿನದ ಗಳಿಕೆಯೂ ನಿಂತ ಹಾಗೆ. ಅದಕ್ಕೇ ಡಬ್ಬಿಯ ಮೇಲಿನ ಎರಡು ಅಂಕಿಗಳ ಅರ್ಥ ತಿಳಿದುಕೊಳ್ಳುವುದು ಒಳ್ಳೆಯದು. ಕಷ್ಟದ್ದೇನೂ ಅಲ್ಲ.

ಎರಡು ಅಂಕಿ, ಎರಡು ಕೆಲಸ

ಆಯಿಲ್ ಎಷ್ಟು ಗಟ್ಟಿ, ಎಷ್ಟು ತೆಳು ಎಂಬುದಕ್ಕೆ ಪುಸ್ತಕದ ಹೆಸರು ಸ್ನಿಗ್ಧತೆ. ಜೇನುತುಪ್ಪ ನಿಧಾನ ಹರಿಯುತ್ತದೆ, ನೀರು ಬೇಗ ಹರಿಯುತ್ತದೆ. ಜೇನಿನ ಸ್ನಿಗ್ಧತೆ ಹೆಚ್ಚು, ನೀರಿನದು ಕಡಿಮೆ, ಇಷ್ಟೇ ವಿಷಯ. ಯಾವ ಎಣ್ಣೆಯೇ ಆಗಲಿ ಬಿಸಿಯಾದರೆ ತೆಳುವಾಗುತ್ತದೆ. ಒಗ್ಗರಣೆಗೆ ಇಟ್ಟ ಎಣ್ಣೆ ಕಾಯುತ್ತಿದ್ದಂತೆ ಬಾಣಲೆ ತುಂಬ ಹರಿದಾಡುವುದನ್ನು ಎಲ್ಲರೂ ನೋಡಿದ್ದಾರೆ. ಇಂಜನ್ ಆಯಿಲ್ ಕೂಡ ಹಾಗೇ.

ಅಮೆರಿಕದ ವಾಹನ ಇಂಜಿನಿಯರುಗಳ ಸಂಘವೊಂದು 1911ರಲ್ಲಿ ಈ ಗಟ್ಟಿ-ತೆಳುವಿಗೆ ನಂಬರ್ ಕೊಡುವ ಪದ್ಧತಿ ಶುರು ಮಾಡಿತು. ಡಬ್ಬಿಯ ಮೇಲೆ 'ಎಸ್‌ಎಇ' ಎಂಬ ಮೂರು ಅಕ್ಷರ ಇರುತ್ತವಲ್ಲ, ಅದು ಆ ಸಂಘದ ಹೆಸರು. ಆ ನಂಬರ್ ಆಯಿಲಿನ ಶಕ್ತಿಯನ್ನೂ ಹೇಳುವುದಿಲ್ಲ, ಗುಣಮಟ್ಟವನ್ನೂ ಹೇಳುವುದಿಲ್ಲ. 50 ಎಂದರೆ 30ಕ್ಕಿಂತ ಒಳ್ಳೆಯದು ಎಂದು ತಿಳಿಯುವುದು, 10 ನಂಬರ್ ಚಪ್ಪಲಿ 8 ನಂಬರಿಗಿಂತ ಒಳ್ಳೆಯದು ಎಂದ ಹಾಗೆ. ಕಾಲಿಗೆ ಯಾವುದು ಸರಿ ಕೂಡುತ್ತದೋ ಅದು ಒಳ್ಳೆಯದು.

20ಡಬ್ಲ್ಯೂ-40 ತೆಗೆದುಕೊಳ್ಳಿ. ಇಲ್ಲಿ 'ಡಬ್ಲ್ಯೂ' ಎಂದರೆ ವೆಯ್ಟ್ ಅಲ್ಲ, ವಿಂಟರ್, ಅಂದರೆ ಚಳಿಗಾಲ. ಡಬ್ಲ್ಯೂ ಮುಂಚಿನ ಅಂಕಿ ಆಯಿಲ್ ತಣ್ಣಗಿದ್ದಾಗಿನ ಲೆಕ್ಕ. ಡ್ಯಾಶ್ ನಂತರದ ಅಂಕಿ ಇಂಜನ್ ಕಾದಾಗಿನ ಲೆಕ್ಕ.

ಮುಂಚಿನ ಅಂಕಿಯ ಪರೀಕ್ಷೆ ನಡೆಯುವ ತಂಪು ಕೇಳಿದರೆ ಇಲ್ಲಿಯವರಿಗೆ ನಗು ಬಂದೀತು. ಅಂಥ ತಂಪಿನಲ್ಲೂ ಸ್ಟಾರ್ಟರ್ ಇಂಜನ್ನನ್ನು ತಿರುಗಿಸಬಲ್ಲದೇ ಎಂದು ನೋಡಲು 20ಡಬ್ಲ್ಯೂ ಆಯಿಲನ್ನು ಸೊನ್ನೆಗಿಂತ 15 ಡಿಗ್ರಿ ಕೆಳಗೆ ಪರೀಕ್ಷಿಸುತ್ತಾರೆ. 15ಡಬ್ಲ್ಯೂ ಆದರೆ ಸೊನ್ನೆಗಿಂತ 20 ಡಿಗ್ರಿ ಕೆಳಗೆ, 10ಡಬ್ಲ್ಯೂ 25, 5ಡಬ್ಲ್ಯೂ 30, 0ಡಬ್ಲ್ಯೂ 35 ಡಿಗ್ರಿ ಕೆಳಗೆ. ಲಡಾಖ್‌ಗೆ ಬೇಕಾದ ಲೆಕ್ಕ ಇದು. ಕಮಲಾಪುರದ ಬಾಳೆ ತೋಟದಲ್ಲಿ ಜನವರಿ ನಸುಕಿನಲ್ಲೂ ಅಷ್ಟು ತಂಪು ಯಾರೂ ಕಂಡಿಲ್ಲ. ಅಂದರೆ ಚಳಿಗೆ ಇಂಜನ್ ತಿರುಗದೆ ಹೋಗುವ ಭಯ ನಮ್ಮ ಜಿಲ್ಲೆಯಲ್ಲಿ ಇಲ್ಲ.

ಇನ್ನು ಎರಡನೇ ಅಂಕಿ. ಇದರ ಪರೀಕ್ಷೆ 100 ಡಿಗ್ರಿ ಶಾಖದಲ್ಲಿ. ಅಳತೆಗೆ ಸೆಂಟಿಸ್ಟೋಕ್ ಎನ್ನುತ್ತಾರೆ. ಕೋಣೆಯ ತಾಪದಲ್ಲಿರುವ ನೀರು ಹೆಚ್ಚು ಕಡಿಮೆ 1 ಸೆಂಟಿಸ್ಟೋಕ್. 100 ಡಿಗ್ರಿಯಲ್ಲಿ 9.3ರಿಂದ 12.5ರೊಳಗೆ ಇದ್ದರೆ ಆ ಆಯಿಲ್ 30. 12.5ರಿಂದ 16.3ರೊಳಗೆ ಇದ್ದರೆ 40. 16.3ರಿಂದ 21.9ರೊಳಗೆ 50. ಹೊಸ ಪೆಟ್ರೋಲ್ ಕಾರುಗಳಿಗೆ ಬರುವ 20 ನಂಬರಿನದು 6.9ರಿಂದ 9.3ರೊಳಗೆ.

ಇದರಿಂದ ಒಂದು ಮಾತು ಸ್ಪಷ್ಟವಾಗುತ್ತದೆ. 5ಡಬ್ಲ್ಯೂ-40 ಆಗಲಿ 20ಡಬ್ಲ್ಯೂ-40 ಆಗಲಿ, ಕಾದ ಇಂಜನ್‌ನಲ್ಲಿ ಎರಡೂ 40ರ ಪಟ್ಟಿಯೊಳಗೇ ಇರುತ್ತವೆ. "ಮುಂದಿನ ಅಂಕಿ ಸಣ್ಣದದ, ಬಿಸಿಲಿಗೆ ನೀರಾಗ್ತದ" ಎಂಬ ಮಾತಿಗೆ ಆಧಾರ ಇಲ್ಲ.

ಹೊರಗೆ 42, ಒಳಗೆ 100

ನಮ್ಮ ಬಿಸಿಲಿನ ಪ್ರಶ್ನೆಗೆ ಈಗ ಬರೋಣ. ಏಪ್ರಿಲ್-ಮೇನಲ್ಲಿ ಕಲಬುರಗಿಯ ಪಾದರಸ 40 ದಾಟುವುದು ಹೊಸದಲ್ಲ. ಆಯಿಲ್ ಕಂಪನಿಗಳ ತಾಂತ್ರಿಕ ಹಾಳೆಯಲ್ಲಿ ಪ್ರತಿ ಆಯಿಲಿನ ಸ್ನಿಗ್ಧತೆಯನ್ನು ಎರಡು ತಾಪದಲ್ಲಿ ಕೊಟ್ಟಿರುತ್ತಾರೆ. ಒಂದು 100 ಡಿಗ್ರಿ, ಇನ್ನೊಂದು 40 ಡಿಗ್ರಿ. ಅಲ್ಲಿ 'ತಣ್ಣಗಿನ' ಲೆಕ್ಕ ಎಂದು ಹಿಡಿಯುವ 40 ಡಿಗ್ರಿ ನಮಗೆ ಮೇ ತಿಂಗಳ ನೆರಳು.

ಸಾಮಾನ್ಯವಾಗಿ 10ಡಬ್ಲ್ಯೂ-30 ಆಯಿಲ್ ಒಂದು 40 ಡಿಗ್ರಿಯಲ್ಲಿ 70 ಸೆಂಟಿಸ್ಟೋಕ್ ಆಸುಪಾಸು ಇರುತ್ತದೆ. 20ಡಬ್ಲ್ಯೂ-50 ಅದೇ 40 ಡಿಗ್ರಿಯಲ್ಲಿ 150 ದಾಟಿರುತ್ತದೆ, ಎರಡು ಪಟ್ಟಿಗೂ ಜಾಸ್ತಿ ಗಟ್ಟಿ. ಕಾದ ಮೇಲೆ ಮೊದಲನೆಯದು 10-11ಕ್ಕೆ, ಎರಡನೆಯದು 18ರ ಸುತ್ತಮುತ್ತ ಇಳಿಯುತ್ತದೆ. ಇಂಜನ್ ಮಾಡಿದವರು ಬೇರಿಂಗಿನ ಸಂದು, ಆಯಿಲ್ ಪಂಪಿನ ಅಳತೆ, ಆಯಿಲ್ ಹರಿಯುವ ತೂತು ಎಲ್ಲವನ್ನೂ ಆ 10-11ರ ಲೆಕ್ಕಕ್ಕೆ ಕೂಡಿಸಿ ಮಾಡಿರುತ್ತಾರೆ. ಹೊರಗೆ 30 ಡಿಗ್ರಿ ಇದ್ದರೂ 42 ಇದ್ದರೂ ರೇಡಿಯೇಟರ್ ಇರುವ ಇಂಜನ್ ತನ್ನ ನೀರನ್ನು 90 ಡಿಗ್ರಿ ಆಸುಪಾಸಿನಲ್ಲೇ ಇಟ್ಟುಕೊಳ್ಳುತ್ತದೆ. ಥರ್ಮೋಸ್ಟಾಟ್ ಇರುವುದೇ ಅದಕ್ಕೆ. ಒಳಗಿನ ಆಯಿಲಿಗೆ ಹೊರಗಿನ 12 ಡಿಗ್ರಿ ವ್ಯತ್ಯಾಸ ಅಷ್ಟಾಗಿ ತಾಗುವುದಿಲ್ಲ.

ಗಾಳಿಯಿಂದಲೇ ತಂಪಾಗುವ ಬೈಕು, ಆಟೊಗಳ ಮಾತು ಸ್ವಲ್ಪ ಬೇರೆ. ಸೂಪರ್ ಮಾರ್ಕೆಟ್ ಗದ್ದಲದಲ್ಲಿ ಮಟಮಟ ಮಧ್ಯಾಹ್ನ ಗಾಡಿ ನಿಂತಲ್ಲೇ ಚಾಲೂ ಇದ್ದರೆ ಇಂಜನ್ನಿಗೆ ಗಾಳಿ ಸಿಗುವುದಿಲ್ಲ, ಆಯಿಲ್ ಹೆಚ್ಚು ಕಾಯುತ್ತದೆ. ಇದು ಕಂಪನಿಯವರಿಗೂ ಗೊತ್ತು. ಅದಕ್ಕೇ ಕೆಲವು ಗಾಡಿಗಳ ಪುಸ್ತಕದಲ್ಲಿ ಹೊರಗಿನ ತಾಪದ ಪಟ್ಟಿ ಕೊಟ್ಟು, ಇಷ್ಟು ಡಿಗ್ರಿ ಮೇಲೆ ಹೋದರೆ ಇಂಥ ಗ್ರೇಡ್ ಕೂಡ ನಡೆಯುತ್ತದೆ ಎಂದು ಬರೆದಿರುತ್ತಾರೆ. ಆ ಪಟ್ಟಿ ಇದ್ದರೆ ಬೇಸಿಗೆಯಲ್ಲಿ ಅದರಂತೆ ದಪ್ಪದ್ದು ಹಾಕಬಹುದು. ಇಲ್ಲದಿದ್ದರೆ ಬಿಸಿಲಿನ ನೆಪ ಹೇಳಿ ದಪ್ಪ ಮಾಡುವ ಹಾಗಿಲ್ಲ.

ದಪ್ಪ ಆಯಿಲಿನಿಂದ ಆಗುವ ಹಾನಿ ಹೆಚ್ಚಾಗಿ ಮೊದಲ ನಿಮಿಷದಲ್ಲೇ. ರಾತ್ರಿ ನಿಂತ ಗಾಡಿಯಲ್ಲಿ ಆಯಿಲ್ ಎಲ್ಲ ಕೆಳಗೆ ಇಳಿದು ಕೂತಿರುತ್ತದೆ. ಸ್ಟಾರ್ಟ್ ಮಾಡಿದಾಗ ಅದು ಪಂಪಿನಿಂದ ಮೇಲೇರಿ ಕ್ಯಾಮ್, ರಾಕರ್ ತನಕ ಮುಟ್ಟಬೇಕು. ಅಲ್ಲಿಯವರೆಗೆ ಕಬ್ಬಿಣಕ್ಕೆ ಕಬ್ಬಿಣ ತಿಕ್ಕುತ್ತದೆ. 100 ಡಿಗ್ರಿಗೆಂದು ಲೆಕ್ಕ ಹಾಕಿದ ಇಂಜನ್ನಿಗೆ ಕಲಬುರಗಿಯ 28 ಡಿಗ್ರಿ ಮುಂಜಾನೆಯೂ ತಣ್ಣಗೇ. ಆಯಿಲ್ ಗಟ್ಟಿಯಾದಷ್ಟೂ ಮುಟ್ಟುವುದು ತಡ. ಸ್ಟಾರ್ಟ್ ಮಾಡಿದ ಕೂಡಲೇ ಎಕ್ಸಲೇಟರ್ ಒತ್ತುವ ಚಟ ಇದ್ದವರಿಗೆ ನಷ್ಟ ಇನ್ನೂ ಹೆಚ್ಚು.

ಹಾಗಂತ ತೆಳುವಾದದ್ದೆಲ್ಲ ಒಳ್ಳೆಯದು ಎಂದಲ್ಲ. 20ಡಬ್ಲ್ಯೂ-40 ಬೇಡುವ ಟ್ರ್ಯಾಕ್ಟರಿಗೆ ಕಾರಿನ 0ಡಬ್ಲ್ಯೂ-20 ಸುರಿದರೆ ಭಾರ ಎಳೆಯುವಾಗ ಬೇರಿಂಗಿನ ಮೇಲಿನ ಆಯಿಲ್ ಪದರ ಹರಿದು ಹೋಗುತ್ತದೆ. ಆ ಇಂಜನ್ ಜಾಮ್ ಆದರೆ ಆಶ್ಚರ್ಯ ಪಡಬೇಕಿಲ್ಲ. ದಪ್ಪ ತಪ್ಪಿಗಿಂತ ಈ ತಪ್ಪು ಬೇಗ ಹೊಡೆಯುತ್ತದೆ.

ಹಳೇ ಗಾಡಿಗೆ ದಪ್ಪ ಆಯಿಲ್ ಹಾಕುವ ಮಿಸ್ತ್ರಿಗಳ ಉಪಾಯದ ಬಗ್ಗೆಯೂ ಹೇಳಬೇಕು. ರಿಂಗ್ ಸವೆದು ಆಯಿಲ್ ಸುಡುವ ಇಂಜನ್‌ನಲ್ಲಿ ಒಂದು ಗ್ರೇಡ್ ಮೇಲಿನದು ಹಾಕಿದರೆ ಹೊಗೆ ಕಡಿಮೆಯಾಗುವುದು ನಿಜ. ಮಿಸ್ತ್ರಿ ಸುಳ್ಳು ಹೇಳುತ್ತಿಲ್ಲ. ಆದರೆ ಸವೆತ ಅಲ್ಲೇ ಇರುತ್ತದೆ. ಕೈಯಲ್ಲಿ ದುಡ್ಡು ಕೂಡುವ ತನಕ ಗಾಡಿ ಓಡಿಸಿಕೊಳ್ಳಲು ಇದು ಸರಿ, ಹೊಸ ಗಾಡಿಗೆ ಅದೇ ಉಪಾಯ ಮಾಡಿದರೆ ತಪ್ಪು.

ಅಂಕಿ ಒಂದೇ, ಆಯಿಲ್ ಬೇರೆ

ಕೌಂಟರಿನಲ್ಲಿ ಅತಿ ಹೆಚ್ಚು ಗೊಂದಲ ಆಗುವುದು ಇಲ್ಲಿ. ಎರಡು ಡಬ್ಬಿಯ ಮೇಲೂ 10ಡಬ್ಲ್ಯೂ-30 ಎಂದೇ ಇರುತ್ತದೆ. ಒಂದು ಬೈಕಿಗೆ, ಒಂದು ಸ್ಕೂಟಿಗೆ. ಅದಲು ಬದಲಾದರೆ ಗಿರಾಕಿ ಮರುದಿನ ಜಗಳಕ್ಕೆ ಬರುತ್ತಾನೆ.

ಬೈಕುಗಳಲ್ಲಿ ಇಂಜನ್, ಗೇರ್, ಕ್ಲಚ್ ಮೂರೂ ಒಂದೇ ಆಯಿಲಿನಲ್ಲಿ ಮುಳುಗಿರುತ್ತವೆ. ಕ್ಲಚ್ ಪ್ಲೇಟ್ ಹಿಡಿಯಬೇಕಾದರೆ ಆಯಿಲ್ ತೀರಾ ಜಾರುವಂತಿರಬಾರದು. ಇದನ್ನು ತೋರಿಸಲು ಜಪಾನಿನ ವಾಹನ ಮಾನಕ ಸಂಸ್ಥೆಯ 'ಜಾಸೊ' ಗುರುತು ಇದೆ. ಡಬ್ಬಿಯ ಹಿಂದೆ ಸಣ್ಣ ಚೌಕದಲ್ಲಿ ಎಂಎ ಅಥವಾ ಎಂಎ2 ಎಂದಿದ್ದರೆ ಬೈಕಿಗೆ. ಎಂಬಿ ಎಂದಿದ್ದರೆ ಗೇರ್ ಇಲ್ಲದ ಸ್ಕೂಟರಿಗೆ, ಯಾಕಂದ್ರೆ ಅದರ ಕ್ಲಚ್ ಆಯಿಲಿನ ಹೊರಗೆ ಒಣಗಿದ್ದಲ್ಲಿ ಇರುತ್ತದೆ. ಎಂಬಿ ಆಯಿಲನ್ನು ಬೈಕಿಗೆ ಹಾಕಿದರೆ ಕ್ಲಚ್ ಜಾರಲು ಶುರು. "ಇಂಜನ್ ಕೂಗ್ತದ, ಗಾಡಿ ಮುಂದ ಹೋಗವಲ್ದು" ಎಂಬ ದೂರು ಬಂದರೆ ಕ್ಲಚ್ ಪ್ಲೇಟ್ ಬಿಚ್ಚುವ ಮುಂಚೆ ಹಿಂದಿನ ಸಲ ಯಾವ ಡಬ್ಬಿ ಹಾಕಿದ್ದು ಎಂದು ಕೇಳಬೇಕು. ಎಂಎ2 ಅನ್ನು ಸ್ಕೂಟಿಗೆ ಹಾಕಿದರೆ ಅಂಥ ಹಾನಿ ಇಲ್ಲ, ಮೈಲೇಜ್ ತುಸು ಇಳಿಯಬಹುದು ಅಷ್ಟೇ. ಕಾರಿನ ಪೆಟ್ರೋಲ್ ಆಯಿಲ್ ಉಳಿದಿದೆ ಎಂದು ಬೈಕಿಗೆ ಸುರಿಯುವುದೂ ಇದೇ ಕಾರಣಕ್ಕೆ ಬೇಡ. ತೆಳು ಗ್ರೇಡಿನ ಕಾರ್ ಆಯಿಲಿನಲ್ಲಿ ಇಂಧನ ಉಳಿಸಲೆಂದು ಜಾರಿಕೆ ಹೆಚ್ಚಿಸುವ ಮದ್ದು ಬೆರೆಸಿರುತ್ತಾರೆ.

ಸ್ಪ್ಲೆಂಡರ್ ತರದ ಬೈಕಿಗೆ 10ಡಬ್ಲ್ಯೂ-30 ಎಂಎ2, ಆಕ್ಟಿವಾಕ್ಕೆ 10ಡಬ್ಲ್ಯೂ-30 ಎಂಬಿ, ರಾಯಲ್ ಎನ್‌ಫೀಲ್ಡಿನ 350ಕ್ಕೆ 15ಡಬ್ಲ್ಯೂ-50 ಎಂದು ಕಂಪನಿಗಳು ಹೇಳುತ್ತವೆ. ವರ್ಷ, ಮಾಡೆಲ್ ಬದಲಾದರೆ ಇದೂ ಬದಲಾಗುತ್ತದೆ. ಗಾಡಿಯ ಪುಸ್ತಕ ಕಳೆದಿದ್ದರೆ ಬಹಳ ಗಾಡಿಗಳಲ್ಲಿ ಆಯಿಲ್ ಹಾಕುವ ಮುಚ್ಚಳದ ಹತ್ತಿರವೇ ಗ್ರೇಡ್ ಅಚ್ಚಾಗಿರುತ್ತದೆ, ಇಲ್ಲವೇ ಕಂಪನಿಯ ವೆಬ್‌ಸೈಟಿನಲ್ಲಿ ಪುಸ್ತಕ ಸಿಗುತ್ತದೆ. ಒಂದು ಫೋಟೊ ತೆಗೆದು ಮೊಬೈಲಿನಲ್ಲಿ ಇಟ್ಟುಕೊಂಡರೆ ಅಂಗಡಿಯಲ್ಲಿ ವಾದ ಇಲ್ಲ.

ಗುಣಮಟ್ಟ ಹೇಳುವುದು ಮತ್ತೊಂದು ಗುರುತು, 'ಎಪಿಐ'. ಅದರ ಮುಂದೆ ಎಸ್ ಅಕ್ಷರದಿಂದ ಶುರುವಾದರೆ ಪೆಟ್ರೋಲ್ ಇಂಜನ್ನಿನದು: ಎಸ್‌ಎಲ್, ಎಸ್‌ಎನ್, ಎಸ್‌ಪಿ ಹೀಗೆ. ಎರಡನೇ ಅಕ್ಷರ ಮುಂದೆ ಹೋದಷ್ಟೂ ಮಾನಕ ಹೊಸದು, ಎಸ್‌ಪಿ ಬಂದದ್ದು 2020ರಲ್ಲಿ. ಸಿ ಅಕ್ಷರದಿಂದ ಶುರುವಾದರೆ ಡೀಸೆಲ್: ಸಿಎಫ್-4, ಸಿಐ-4, ಸಿಕೆ-4. ಏಪ್ರಿಲ್ 2020ರ ನಂತರದ ಬಿಎಸ್6 ಡೀಸೆಲ್ ಗಾಡಿಗಳಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಸೈಲೆನ್ಸರ್ ದಾರಿಯಲ್ಲಿ ಇರುತ್ತದೆ. ಬೂದಿ ಹೆಚ್ಚು ಬಿಡುವ ಹಳೇ ನಮೂನೆ ಆಯಿಲ್ ಹಾಕಿದರೆ ಅದು ಬರಬರುತ್ತ ಕಟ್ಟಿಕೊಳ್ಳುತ್ತದೆ. ಸಿಐ-4 ಮತ್ತು ಸಿಕೆ-4 ಎರಡೂ 15ಡಬ್ಲ್ಯೂ-40 ಆಗಿರಬಹುದು. ಹಳೇ ಟ್ರ್ಯಾಕ್ಟರಿಗೆ ಮೊದಲನೆಯದು ಸಾಕು. ಹೊಸ ಪಿಕಪ್ಪಿಗೆ ಪುಸ್ತಕ ಹೇಳಿದ್ದೇ ಬೇಕು. ಆ ಫಿಲ್ಟರ್ ಬದಲಿಸುವ ಬೆಲೆ ಕೇಳಿದವರು ಆಯಿಲಿನಲ್ಲಿ ದುಡ್ಡು ಉಳಿಸಲು ಹೋಗುವುದಿಲ್ಲ.

ಹಳ್ಳಿಗಳ ಕಡೆ ಇನ್ನೂ "40 ನಂಬರ್ ಕೊಡ್ರಿ" ಎಂದು ಕೇಳುವವರಿದ್ದಾರೆ. ಅದು ಡಬ್ಲ್ಯೂ ಇಲ್ಲದ ಒಂಟಿ ಗ್ರೇಡ್, ಹಳೇ ಡೀಸೆಲ್ ಪಂಪ್‌ಸೆಟ್ಟುಗಳ ಕಾಲದ್ದು. ಅಂಥ ಇಂಜನ್ನಿಗೆ ಈಗಲೂ ನಡೆಯುತ್ತದೆ.

ಗೇರ್ ಆಯಿಲಿನ 90 ನಂಬರ್ ನೋಡಿ ಅದು ಇಂಜನ್ ಆಯಿಲಿನ 40ಕ್ಕಿಂತ ಎರಡು ಪಟ್ಟು ದಪ್ಪ ಎಂದು ತಿಳಿದವರು ಬಹಳ. ನಿಜ ಹಾಗಿಲ್ಲ. ಗೇರ್ ಆಯಿಲಿನ ಪಟ್ಟಿಯೇ ಬೇರೆ. 90 ಗೇರ್ ಆಯಿಲ್ 100 ಡಿಗ್ರಿಯಲ್ಲಿ 13.5ರಿಂದ 18.5 ಸೆಂಟಿಸ್ಟೋಕ್ ಇರುತ್ತದೆ, ಅಂದರೆ ಇಂಜನ್ ಆಯಿಲಿನ 40-50ರಷ್ಟೇ. ದಾಲ್ ಮಿಲ್ಲಿನವರು, ಜೆಸಿಬಿಯವರು ಒಯ್ಯುವ 68 ಹೈಡ್ರಾಲಿಕ್ ಆಯಿಲಿನ ಲೆಕ್ಕ ಮತ್ತೂ ಬೇರೆ, ಅದು 40 ಡಿಗ್ರಿಯಲ್ಲಿ 68 ಸೆಂಟಿಸ್ಟೋಕ್ ಎಂದು. ಮೂರು ಪಟ್ಟಿಯ ಅಂಕಿಗಳನ್ನು ಒಂದಕ್ಕೊಂದು ಹೋಲಿಸುವ ಹಾಗೇ ಇಲ್ಲ. ದಪ್ಪ ಸರಿಹೋದರೂ ಒಳಗಿನ ಮದ್ದು ಬೇರೆಬೇರೆ ಇರುವುದರಿಂದ ಒಂದರ ಜಾಗದಲ್ಲಿ ಇನ್ನೊಂದು ಹಾಕಲೂಬಾರದು.

ಬೆರಳಿಗೆ ಹಚ್ಚಿ ನೋಡುವುದು

ಡಿಪ್‌ಸ್ಟಿಕ್ ತೆಗೆದು, ಎರಡು ಬೆರಳ ನಡುವೆ ತಿಕ್ಕಿ, "ದಮ್ ಹೋಗ್ಯದ" ಎನ್ನುವುದು ಗ್ಯಾರೇಜಿನ ರೂಢಿ. ಮರಳು, ಕಬ್ಬಿಣದ ಚೂರು ಇದ್ದರೆ ಬೆರಳಿಗೆ ತಿಳಿಯುತ್ತದೆ. ಗ್ರೇಡ್ ತಿಳಿಯುವುದಿಲ್ಲ, ಯಾಕಂದ್ರೆ ಬೆರಳಿನ ತಾಪ 100 ಡಿಗ್ರಿ ಅಲ್ಲ. ಬಣ್ಣವೂ ಪೂರ್ತಿ ಸಾಕ್ಷಿ ಅಲ್ಲ. ಡೀಸೆಲ್ ಇಂಜನ್‌ನಲ್ಲಿ ಹೊಸ ಆಯಿಲ್ ಸ್ವಲ್ಪ ದಿನದಲ್ಲೇ ಕಪ್ಪಾಗುತ್ತದೆ. ಮಸಿಯನ್ನು ಹಿಡಿದು ತನ್ನಲ್ಲಿ ಇಟ್ಟುಕೊಳ್ಳುವುದು ಅದರ ಕೆಲಸ. ಆದರೆ ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಎಂದರ್ಥ, ಗಾಡಿ ಓಡಿಸಬಾರದು.

ದಮ್ ಹೋಗುವುದಂತೂ ನಿಜ. ಎರಡು ಅಂಕಿಯ ಆಯಿಲಿನಲ್ಲಿ ಕಾದಾಗಲೂ ತೀರಾ ತೆಳುವಾಗದಂತೆ ಉದ್ದನೆ ಎಳೆಯ ಪಾಲಿಮರ್ ಬೆರೆಸಿರುತ್ತಾರೆ. ಬೈಕಿನ ಗೇರ್ ಹಲ್ಲುಗಳ ನಡುವೆ ಸಿಕ್ಕಿ ಆ ಎಳೆಗಳು ದಿನದಿನಕ್ಕೂ ತುಂಡಾಗುತ್ತವೆ. ಹಾಕಿದಾಗ 40 ಇದ್ದದ್ದು ಸಾವಿರಾರು ಕಿಲೋಮೀಟರ್ ಓಡಿದ ಮೇಲೆ 30ರ ಪಟ್ಟಿಗೆ ಜಾರಬಹುದು. ಸಣ್ಣ ಸಣ್ಣ ಓಡಾಟದಲ್ಲಿ ಸುಡದ ಪೆಟ್ರೋಲ್ ಇಳಿದು ಇನ್ನಷ್ಟು ತೆಳುವಾಗುತ್ತದೆ. ಡಬ್ಬಿಗೆ ಎಷ್ಟೇ ದುಡ್ಡು ಕೊಟ್ಟರೂ ಬದಲಿಸುವ ಹೊತ್ತು ಮೀರಿಸಿದರೆ ಗ್ರೇಡಿನ ಲೆಕ್ಕ ಉಳಿಯುವುದಿಲ್ಲ. ಬೈಕಿಗೆ ಕಿಲೋಮೀಟರ್, ಟ್ರ್ಯಾಕ್ಟರಿಗೆ ಅವರ್ ಮೀಟರ್. ಬಹಳ ಟ್ರ್ಯಾಕ್ಟರುಗಳಿಗೆ ಇದು 250 ಗಂಟೆ ಇರುತ್ತದೆ. ರಾಶಿಯ ಹೊತ್ತಿನಲ್ಲಿ ಹಗಲು-ರಾತ್ರಿ ಓಡಿದರೆ ಆ 250 ಗಂಟೆ ತಿಂಗಳೊಳಗೇ ಮುಗಿಯುತ್ತದೆ, ರಾಶಿಯ ಧೂಳು ಬೇರೆ.

ಅಂಗಡಿಯವರಿಗೆ ಎರಡು ಮಾತು

ಡ್ರಮ್ಮಿನಿಂದ ಅಳೆದು ಕೊಡುವ ಬಿಡಿ ಆಯಿಲಿನಲ್ಲಿ ಗ್ರೇಡಿಗೆ ಪುರಾವೆ ಇಲ್ಲ. ಗಿರಾಕಿಗೆ ಹತ್ತಿಪ್ಪತ್ತು ರೂಪಾಯಿ ಉಳಿದೀತು, ಇಂಜನ್ ಕೆಟ್ಟರೆ ಹೆಸರು ಹೋಗುವುದು ಅಂಗಡಿಯದು. ಪ್ಯಾಕ್ ಮಾಡಿದ ಡಬ್ಬಿಯ ಮೇಲೆ ತಯಾರಕರ ಹೆಸರು-ವಿಳಾಸ, ಪ್ರಮಾಣ, ಗರಿಷ್ಠ ಮಾರಾಟ ಬೆಲೆ, ತಿಂಗಳು-ವರ್ಷ, ದೂರಿಗೆ ಫೋನ್ ನಂಬರ್ ಇರಲೇಬೇಕು. 2011ರ ಪ್ಯಾಕೇಜ್ ಸರಕುಗಳ ನಿಯಮ ಹಾಗೆ ಹೇಳುತ್ತದೆ. ಬಿಲ್ಲಿನಲ್ಲಿ ಬರೀ "ಆಯಿಲ್ 1 ಲೀಟರ್" ಎಂದು ಬರೆಯುವ ಬದಲು ಗ್ರೇಡ್, ಜಾಸೊ ಅಥವಾ ಎಪಿಐ ಗುರುತು ಬರೆದರೆ ನಾಳೆ ತಕರಾರು ಬಂದಾಗ ಅಂಗಡಿಯವರಿಗೇ ಅನುಕೂಲ. ಬಿಲ್ ಇದ್ದ ಗಿರಾಕಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಖಾಲಿ ಡಬ್ಬಿಗಳನ್ನು ಇಡಿಯಾಗಿ ಗುಜರಿಗೆ ಹಾಕಬೇಡಿ, ತೂತು ಮಾಡಿ ಹಾಕಿ. ನಕಲಿ ಆಯಿಲ್ ತುಂಬುವವರಿಗೆ ಬೇಕಾಗಿರುವುದು ಅಸಲಿ ಡಬ್ಬಿಯೇ. ಗಾಡಿಯಿಂದ ಇಳಿಸಿದ ಸುಟ್ಟ ಆಯಿಲನ್ನು ಮೋರಿಗೆ ಬಿಡುವುದು, ಹೊಲದ ಬದುವಿಗೆ ಸುರಿಯುವುದು ಕಾನೂನಿಗೂ ವಿರುದ್ಧ. 2016ರ ನಿಯಮದಂತೆ ಅದು ಅಪಾಯಕಾರಿ ತ್ಯಾಜ್ಯ. ಪ್ರತ್ಯೇಕ ಡ್ರಮ್ಮಿನಲ್ಲಿ ಕೂಡಿಟ್ಟು ಪರವಾನಗಿ ಇದ್ದ ಮರುಸಂಸ್ಕರಣೆಯವರಿಗೇ ಕೊಡಬೇಕು.

ತಪ್ಪು ಆಯಿಲ್ ಹಾಕಿ ಆಗಿದ್ದರೆ

10ಡಬ್ಲ್ಯೂ-30 ಬೇಕಿದ್ದ ಬೈಕಿಗೆ ಎಂಎ ಗುರುತಿನ 20ಡಬ್ಲ್ಯೂ-40 ಒಂದು ಸಲ ಬಿದ್ದಿದ್ದರೆ ಗಾಬರಿ ಬೇಡ. ಮುಂಜಾನೆ ಸ್ಟಾರ್ಟ್ ಮಾಡಿ ಅರ್ಧ ನಿಮಿಷ ಬಿಟ್ಟು ಹೊರಡಿ, ಮುಂದಿನ ಸಲ ಸರಿಯಾದ್ದು ಹಾಕಿಸಿ. ದಾರಿಯಲ್ಲಿ ಲೆವೆಲ್ ಇಳಿದು ಬೇರೆ ಗ್ರೇಡ್ ಮಾತ್ರ ಸಿಕ್ಕರೆ ಖಾಲಿ ಓಡಿಸುವುದಕ್ಕಿಂತ ಅದನ್ನೇ ಹಾಕುವುದು ವಾಸಿ, ಊರು ಮುಟ್ಟಿದ ಮೇಲೆ ಪೂರ್ತಿ ಬದಲಿಸಬಹುದು. ಬೈಕಿಗೆ ಎಂಬಿ ಆಯಿಲ್ ಬಿದ್ದು ಕ್ಲಚ್ ಜಾರುತ್ತಿದ್ದರೆ ಕೂಡಲೇ ಇಳಿಸಿ ಎಂಎ2 ತುಂಬಿಸಬೇಕು. ಬೇಗ ಬದಲಿಸಿದರೆ ಹೆಚ್ಚಾಗಿ ಪ್ಲೇಟುಗಳು ಉಳಿಯುತ್ತವೆ. ಇಂಜನ್ನಿಗೆ ಗೇರ್ ಆಯಿಲ್, ಬ್ರೇಕ್ ಆಯಿಲ್ ಅಥವಾ ಡೀಸೆಲ್ ಗಾಡಿಯ ಯೂರಿಯಾ ದ್ರಾವಣ ಬಿದ್ದಿದ್ದರೆ ಚಾವಿ ತಿರುಗಿಸಲೇಬಾರದು. ಗಾಡಿಯನ್ನು ತಳ್ಳಿಕೊಂಡೋ ಕಟ್ಟಿ ಎಳೆದುಕೊಂಡೋ ಗ್ಯಾರೇಜಿಗೆ ಒಯ್ದು, ಪೂರ್ತಿ ಇಳಿಸಿ, ಫಿಲ್ಟರ್ ಬದಲಿಸಿದ ಮೇಲೆಯೇ ಸ್ಟಾರ್ಟ್ ಮಾಡಬೇಕು.